ಇಬ್ಬರ ಪಾಲಿನ ಕಾರು

ನಮ್ಮಿಬ್ಬರಿಗೂ ಕ್ರಿಕೆಟ್ ಬರುತ್ತಿರಲಿಲ್ಲ. ಗೆಳೆತನ ಶುರುವಾದದ್ದೇ ಹಾಗೆ. ಆಸ್ಟಿನ್‌ನ ಕನ್ನಡದವರು ಸೇರಿದ್ದ ಒಂದು ಪಿಕ್‌ನಿಕ್‌ನಲ್ಲಿ ಗಂಡಸರೆಲ್ಲ ಬ್ಯಾಟು ಹಿಡಿದು ಮೈದಾನಕ್ಕಿಳಿದಾಗ ನಾನು ಸುಮ್ಮನೆ ಪಾರ್ಕಿಂಗ್ ಕಡೆ ನಡೆದೆ. ಅಲ್ಲಿ ಯಾರದೋ ಹಳೆಯ ಅಮೆರಿಕನ್ ಕಾರಿನ ಸುತ್ತ ಒಬ್ಬರು ಪ್ರದಕ್ಷಿಣೆ ಹಾಕುತ್ತಿದ್ದರು. ನನ್ನನ್ನು ಕಂಡವರೇ, ಪರಿಚಯವನ್ನೂ ಹೇಳಿಕೊಳ್ಳದೆ, "ಇದರ ಮೂತಿ ನೋಡ್ರಿ, ಗೂಳಿ ನಿಂತಂಗ ನಿಂತೈತಿ," ಎಂದರು. ಧಾರವಾಡದವರೆಂದು ಆಗಲೇ ಗೊತ್ತಾಯಿತು.

ಮರುವರ್ಷ ಇಬ್ಬರೂ ಸಮಪಾಲು ಹಣ ಹಾಕಿ ಅಂಥದೇ ಒಂದನ್ನು ಕೊಂಡೆವು. ಮಸಲ್ ಕಾರ್ ಎನ್ನುತ್ತಾರೆ ಇಲ್ಲಿ: ಎರಡೇ ಬಾಗಿಲು, ಉದ್ದನೆಯ ಬಾನೆಟ್, ಅದರಡಿ ಎಂಟು ಸಿಲಿಂಡರಿನ ದೊಡ್ಡ ಎಂಜಿನ್. ನಮ್ಮದೂ ಗೂಳಿಯೇ, ಆದರೆ ವಯಸ್ಸಾಗಿತ್ತು. ಹೈವೇ ಹತ್ತುವಾಗ ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಟ್ರಕ್ಕಿನವರು ಹಾರ್ನ್ ಹೊಡೆಯುತ್ತಿದ್ದರು. ಗೆಳೆಯರ ಗ್ಯಾರೇಜಿನಲ್ಲಿ ಸೈಕಲ್ಲು, ಸೂಟ್‌ಕೇಸು, ಅಕ್ಕಿ ಚೀಲ ತುಂಬಿದ್ದರಿಂದ ಕಾರು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ನನ್ನ ಮನೆಗೆ ಬಂತು. ಹೆಂಡತಿ ನನ್ನಿಂದ ಬೇರೆಯಾಗಿ ಹ್ಯೂಸ್ಟನ್‌ಗೆ ಹೋದ ಮೇಲೆ ಆ ಮನೆಯಲ್ಲಿ ಜಾಗಕ್ಕೆ ಕೊರತೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅವರು ಬರುತ್ತಿದ್ದರು. ಗ್ಯಾರೇಜಿನ ಬಾಗಿಲು ಎತ್ತಿ, ಮಡಿಸುವ ಕುರ್ಚಿ ಹಾಕಿಕೊಂಡು, ಕಾಫಿ ಕುಡಿಯುತ್ತ, ಹಾರ್ಸ್‌ಪವರ್ ಹೆಚ್ಚಿಸಲು ಎಲ್ಲಿ ಎಷ್ಟು ಖರ್ಚು ಮಾಡಬೇಕೆಂದು ಚರ್ಚಿಸುತ್ತಿದ್ದೆವು. ಚರ್ಚೆ ಅಂದೆ, ನಡೆಯುತ್ತಿದ್ದದ್ದು ಜಗಳ.

"ಮೊದಲು ಸಿಲಿಂಡರ್ ಹೆಡ್ ಬದಲಾಯಿಸೋಣ ಕಣ್ರೀ. ಪವರ್ ಬರೋದೇ ಅಲ್ಲಿಂದ," ಎನ್ನುತ್ತಿದ್ದೆ ನಾನು.

"ಬಂದ ಮ್ಯಾಲೆ ಅದನ್ನ ನಿಲ್ಲಸಾವ್ರು ಯಾರ್ರಿ? ಮೊದಲ ಬ್ರೇಕ್. ಆಮ್ಯಾಲೆ ರೇಡಿಯೇಟರ್. ಈ ಟೆಕ್ಸಾಸ್ ಬಿಸಿಲಾಗ ನಿಮ್ಮ ಎಂಜಿನ್ ಕುದ್ದು ಸಾರಾಗ್ತೈತಿ ನೋಡ್ರಿ."

ಅವರು ಹೇಳುವುದು ಸರಿಯೇ ಇತ್ತು. ಎಂಜಿನ್ನಿಗೆ ಬಲ ಕೊಟ್ಟರೆ ಗೇರ್‌ಬಾಕ್ಸು ತಾಳಬೇಕು, ಹಿಂದಿನ ಆ್ಯಕ್ಸಲ್ ತಾಳಬೇಕು. ಹಣದಲ್ಲಿ ಅರ್ಧ ವೇಗಕ್ಕೆ ಹೋದರೆ ಇನ್ನರ್ಧ ಆ ವೇಗವನ್ನು ಸಹಿಸಿಕೊಳ್ಳುವುದಕ್ಕೇ ಹೋಗುತ್ತದೆ. ಲೆಕ್ಕ ಮೀರುತ್ತಿತ್ತು, ಒಂದನ್ನು ಕೈಬಿಡುತ್ತಿದ್ದೆವು, ಮುಂದಿನ ಶನಿವಾರ ಅದನ್ನೇ ಮತ್ತೆ ಸೇರಿಸುತ್ತಿದ್ದೆವು. ಇಬ್ಬರಿಗೂ ಅವಸರವಿರಲಿಲ್ಲ.

ಆಮೇಲೆ ಅವರಿಗೆ ಮೂರು ಗಂಟೆ ದಾರಿಯ ಪ್ಲೇನೋದಲ್ಲಿ ಕೆಲಸ ಸಿಕ್ಕಿತು. ಅದರ ಪಕ್ಕದ ಅಲೆನ್‌ನಲ್ಲಿ ಹೊಸ ಮನೆ ಕೊಂಡು ಶಿಫ್ಟ್ ಆದರು. ಮೊದಮೊದಲು ಶನಿವಾರ ಫೋನಿನಲ್ಲೇ ಜಗಳವಾಡಿದೆವು. ಬರಬರುತ್ತ ಅವರಿಗೆ ಮಗಳ ಈಜಿನ ಕ್ಲಾಸು, ಆಫೀಸಿನ ಕರೆ, ಹೊಸ ನೆರೆಯವರ ಮನೆಯ ಊಟ. "ಸಂಜಿಮುಂದ ಮಾಡ್ತೀನ್ರಿ" ಎನ್ನುತ್ತಿದ್ದರು, ಮಾಡುತ್ತಿರಲಿಲ್ಲ. ಅದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಗ್ಯಾರೇಜಿನ ಬಾಗಿಲು ಎತ್ತಿ ಒಂದೇ ಕುರ್ಚಿ ಹಾಕಿಕೊಂಡು ಕೂತರೆ, ನಾಯಿಯನ್ನು ವಾಕಿಂಗ್ ಕರೆದೊಯ್ಯುವವರು ಕೈಬೀಸಿ ಮುಂದೆ ಹೋಗುತ್ತಿದ್ದರು.

ಕೊನೆಗೊಮ್ಮೆ ವರ್ಕ್‌ಶಾಪಿನವರಿಂದ ದರ ಕೇಳಿ, ಪೂರ್ತಿ ಬಜೆಟ್ ಹಾಕಿ, ನನ್ನ ದಿನಬಳಕೆಯ ಕಾರಿನಲ್ಲಿ ಅಲೆನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಬಜೆಟ್ಟಿನಲ್ಲಿ ಎಲ್ಲ ಹಣವನ್ನೂ ಎಂಜಿನ್ನಿಗೇ ಸುರಿದು, ಬ್ರೇಕಿಗೆ ಏನೂ ಉಳಿಸಿರಲಿಲ್ಲ. ಬೇಕೆಂದೇ ಹಾಗೆ ಮಾಡಿದ್ದೆ. ನೋಡಿದ ತಕ್ಷಣ ರೇಗುತ್ತಾರೆ, ಆಮೇಲೆ ಮಧ್ಯಾಹ್ನವೆಲ್ಲ ನಮ್ಮದೇ ಎಂದುಕೊಂಡಿದ್ದೆ.

ಅವರ ಹೆಂಡತಿ ಮಂಡಕ್ಕಿಯ ಗಿರ್ಮಿಟ್ ಮಾಡಿ, "ತಗೋರಿ ಅಣ್ಣಾರ, ಮೆಣಸಿನಕಾಯಿ ಇನ್ನೂ ಬೇಕೇನ್ರಿ?" ಎಂದು ಉಪಚರಿಸಿದರು. ಗೆಳೆಯರು ನನ್ನ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಮೇಲಿಂದ ಕೆಳಗೆ ನೋಡಿದರು.

"ಭಾಳ ಚಲೋ ಮಾಡೀರಿ," ಎಂದರು.

"ಸರಿಯಾಗಿ ನೋಡಿದ್ರಾ?"

"ನೋಡಿದೆ ಬಿಡ್ರಿ, ಎಲ್ಲಾ ಬರೋಬರಿ ಐತಿ." ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದರು. "ಒಂದ್ ಮಾತು ಹೇಳ್ಲೇನ್ರಿ? ಆ ಕಾರು ನೀವ ಇಟ್ಕೋರಿ. ನನ್ನ ಪಾಲೂ ನಿಮ್ದ."

"ಹಾಗಂದ್ರೆ? ಎಷ್ಟು ಕೊಡ್ಬೇಕು ಹೇಳಿ."

"ಏನೂ ಬ್ಯಾಡ್ರಿ. ಗೆಳ್ಯಾಗ ಕೊಟ್ಟೆ ಅನ್ಕೋತೀನಿ. ನನಗ ಅಲ್ಲೀ ತನಕ ಬರೂದು ಆಗೂದಿಲ್ಲ, ನಿಮಗೂ ಗೊತ್ತೈತಿ."

ಪ್ರೀತಿಯಿಂದಲೇ ಹೇಳಿದರು. ಧಾರಾಳ ಮನಸ್ಸು ಅವರದು. ನಾನು ಥ್ಯಾಂಕ್ಸ್ ಹೇಳಿದೆ, ಬಟ್ಟಲಲ್ಲಿ ಉಳಿದ ಗಿರ್ಮಿಟ್ ಮುಗಿಸಿದೆ. ಸಂಜೆ ಅವರೆಲ್ಲ ಯಾರದೋ ಬರ್ತ್‌ಡೇಗೆ ಹೋಗಬೇಕಿತ್ತು. ಮಗಳು ಆಗಲೇ ಬಟ್ಟೆ ಬದಲಾಯಿಸಿ ಬಂದು ನಿಂತಿದ್ದಳು. ಎಲ್ಲರೂ ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ದಾರಿಯ ನಡುವಿನ ವೇಕೊ ದಾಟುವವರೆಗೂ ರೇಡಿಯೊ ಹಾಕಬೇಕೆಂದೂ ಅನಿಸಲಿಲ್ಲ. ಇಡೀ ಕಾರು ನನ್ನದಾಗಿತ್ತು, ಆದರೂ ನನ್ನ ಕೈಯಲ್ಲಿದ್ದ ಏನನ್ನೋ ಯಾರೋ ಇಸಿದುಕೊಂಡಂತೆ ಅನಿಸುತ್ತಿತ್ತು.

ಕೆಲವು ವಾರ ಗ್ಯಾರೇಜಿನ ಕಡೆ ಹೋಗಲಿಲ್ಲ. ಮಾರಿಬಿಡೋಣ ಎಂದುಕೊಂಡೆ, ಜಾಹೀರಾತು ಬರೆಯಲು ಕೂತು, ಅದರ ಗುಣ ಹೇಳುತ್ತ ಹೇಳುತ್ತ ನಿಲ್ಲಿಸಿದೆ. ಆಮೇಲೆ ಬಜೆಟ್ಟನ್ನು ತಲೆಕೆಳಗು ಮಾಡಿದೆ. ಬ್ರೇಕು, ರೇಡಿಯೇಟರು ಮೊದಲು ಆದವು. ಮಿಕ್ಕ ಹಣಕ್ಕೆ ಹೊಸ ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಮಾತ್ರ ಬಂದವು. ಬಯಸಿದಷ್ಟು ಹಾರ್ಸ್‌ಪವರ್ ಏರಲಿಲ್ಲ. ಆದರೂ ಮೊದಲ ಸಲ ಹೈವೇ ಹತ್ತಿದಾಗ ಬೆನ್ನು ಸೀಟಿಗೆ ಒತ್ತಿಕೊಂಡಿತು, ಟ್ರಕ್ಕುಗಳು ಹಿಂದೆ ಉಳಿದವು. ನಾನು ಒಬ್ಬನೇ ಗಟ್ಟಿಯಾಗಿ ನಕ್ಕೆ. ವಿಡಿಯೊ ಮಾಡಿ ಅಲೆನ್‌ಗೆ ಕಳಿಸಿದೆ. "ಮಸ್ತ್ ಆಗೇತ್ರಿ!" ಎಂದು ಮರುದಿನ ಉತ್ತರ ಬಂತು.

ಈಗ ಭಾನುವಾರಗಳಲ್ಲಿ ಅದನ್ನು ಹೊರಗೆ ತೆಗೆಯುತ್ತೇನೆ. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಮಾತಿಗೆ ಬರುತ್ತಾರೆ. ಮೊನ್ನೆ ಒಬ್ಬ ಮುದುಕ, ತನ್ನ ಅಪ್ಪನ ಹತ್ತಿರವೂ ಇಂಥದೇ ಇತ್ತು, ಒಂದು ಸಲ ಸ್ಟಾರ್ಟ್ ಮಾಡುತ್ತೀಯಾ ಎಂದು ಕೇಳಿದ. ಮಾಡಿದೆ. ಬಾನೆಟ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತ. ಬ್ರೇಕಿನ ಕತೆ ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಹೆಂಡತಿ ಆಚೆಯ ಪಿಕಪ್‌ನಿಂದ ಕೂಗಿದಳು. ಅವನು ನನ್ನ ಭುಜ ತಟ್ಟಿ ಹೊರಟುಹೋದ. ನಾನು ಎಂಜಿನ್ ಆರಿಸಿ, ಪೆಟ್ರೋಲ್ ತುಂಬಿಸತೊಡಗಿದೆ.