ಪರದೆ ನೋಡುತ್ತಲೇ ಕೇಳುತ್ತಿದ್ದ ಡಾಕ್ಟರು

ಮಕ್ಕಳೇ, ಘಾಜಿಯಾಬಾದಿನ ಆ ಸ್ಕ್ಯಾನಿಂಗ್ ಡಾಕ್ಟರ ಮುಖ ನನಗೆ ಪಕ್ಕದಿಂದ ಮಾತ್ರ ನೆನಪಿದೆ. ಅವರು ರೋಗಿಯ ಕಡೆ ತಿರುಗುತ್ತಲೇ ಇರಲಿಲ್ಲ. ಕೈ ರೋಗಿಯ ಹೊಟ್ಟೆಯ ಮೇಲೆ, ಕಣ್ಣು ಪರದೆಯ ಮೇಲೆ. "ಸಾಂಸ್ ರೋಕಿಯೇ" ಎನ್ನುವರು. ಉಸಿರು ಬಿಗಿಹಿಡಿದಾಗ ಪರದೆಯಲ್ಲಿ ಕೆಂಪು, ನೀಲಿ ಬಣ್ಣ ಹರಿಯುತ್ತಿತ್ತು. ಲಿವರಿಗೆ ಹೋಗುವ ರಕ್ತ ಎಷ್ಟು ನಿಧಾನವಾಗಿದೆ, ಎಲ್ಲಿ ಹಿಂದಕ್ಕೆ ತಿರುಗಿದೆ ಎಂದು ಸೂಜಿ ಚುಚ್ಚದೆಯೇ ಹೇಳಬಲ್ಲವರು. ಆಮೇಲೆ ಅದೇ ಪ್ರಶ್ನೆ: "ಕಿತ್‌ನಾ ಪೀತೇ ಥೇ?" ಎಷ್ಟು ಕುಡಿಯುತ್ತಿದ್ದಿರಿ?

ನಿಮ್ಮ ಅಜ್ಜ ಕರೋಲ್ ಬಾಗಿನ ಹೋಟೆಲಿನಲ್ಲಿ ಅಡುಗೆಯವರು. ಹೆಂಡ ಮುಟ್ಟಿದವರಲ್ಲ. ಲಿವರ್ ಗಟ್ಟಿಯಾಗುವ ಆ ಸಿರೋಸಿಸ್ ಬಂದದ್ದು ಸಕ್ಕರೆ ಕಾಯಿಲೆಯಿಂದ, ಲಿವರಿನ ಕೊಬ್ಬಿನಿಂದ ಎಂದು ದೊಡ್ಡ ಡಾಕ್ಟರೇ ಹೇಳಿದ್ದರು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದದ್ದಕ್ಕೆ ಅಂದು ಸಾಂಬಾರಿನ ಉಪ್ಪನ್ನೂ ನೋಡದೆ ಬಂದಿದ್ದರು.

"ಇವರು ಕುಡಿಯೋದಿಲ್ಲ" ಎಂದೆ, ನನ್ನ ಮುರುಕು ಹಿಂದಿಯಲ್ಲಿ.

"ಸಬ್ ಯಹೀ ಬೋಲ್ತೇ ಹೈಂ, ಅಮ್ಮಾಜಿ." ಎಲ್ಲರೂ ಹೀಗೇ ಹೇಳುವುದಂತೆ!

ನನಗೆ ಮೈ ಉರಿಯಿತು. ಹಿಂದಿ ಮರೆತು ಕನ್ನಡದಲ್ಲೇ ಕೂಗಿದೆ: "ಒಳಗಿನ ರಕ್ತ ಕಾಣ್ತದೆ, ಮಲಗಿರೋ ಮನುಷ್ಯ ಕಾಣೋದಿಲ್ವಾ ನಿಮಗೆ? ಇತ್ತ ತಿರುಗಿ!"

"ಮೆಲ್ಲಗೆ ಮಾರಾಯ್ತಿ" ಎಂದರು ಅಜ್ಜ. "ನಂಗೆ ನಗು ಬಂದ್ರೆ ಹೊಟ್ಟೆ ಅಲ್ಲಾಡ್ತದೆ, ಚಿತ್ರ ಕೆಡ್ತದೆ."

ಮಾತು ತಿಳಿಯದಿದ್ದರೂ ಸಿಟ್ಟು ತಿಳಿಯಿತೇನೋ, ಡಾಕ್ಟರು ತಿರುಗಿ ಒಂದು ಗಳಿಗೆ ಅಜ್ಜನ ಮುಖ ನೋಡಿದರು. "ಸಾರಿ, ಅಂಕಲ್‌ಜಿ."

ನಾವು ಹೊರಗೆ ಬಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಮುಂದಿನ ರೋಗಿಗೆ ಅದೇ ದನಿ: "ಸಾಂಸ್ ರೋಕಿಯೇ. ಕಿತ್‌ನಾ ಪೀತೇ ಥೇ?"

ಅಜ್ಜನಿಗೆ ಏನಾಗಿತ್ತು ಎಂದು ಯಾರಾದರೂ ಕೇಳಿದರೆ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಹೇಳಿ, ಮಕ್ಕಳೇ. ದನಿ ತಗ್ಗಿಸಬೇಡಿ.