ಅಳಿಸಿಹೋದ ಗುರುತುಗಳನ್ನು ಮತ್ತೆ ಬರೆಯುವ ಪಂಕಜಾ

ಬೆಳಗಿನ ಆರು ಗಂಟೆ. ದೆಹಲಿಯ ಲೋಧಿ ಕಾಲೋನಿಯ ಮರಗಳ ಮೇಲೆ ಜನವರಿಯ ಹೊಗೆಮಂಜು ಕವುಚಿಕೊಂಡಿದೆ. ಅಲ್ಲೇ ಸಮೀಪದ ಸಭಾಂಗಣವೊಂದರ ನೆಲಮಾಳಿಗೆಯಲ್ಲಿ ಪಂಕಜಾ ಇಪ್ಪತ್ತಾರು ಟ್ಯಾಬ್ಲೆಟ್‌ಗಳನ್ನು ಚಾರ್ಜರಿನಿಂದ ಬಿಡಿಸುತ್ತಿದ್ದಾರೆ. ಒಂದೊಂದನ್ನೂ ಬಲಗಣ್ಣಿನ ಹತ್ತಿರಕ್ಕೆ ತಂದು, ಸ್ವರಲಿಪಿಯ ಪುಟಗಳು ಕ್ರಮವಾಗಿವೆಯೇ ಎಂದು ನೋಡಿ, ಕಾಲಿನಿಂದ ಒತ್ತಿ ಪುಟ ತಿರುವುವ ಪೆಡಲ್ ಜೋಡಿಸುತ್ತಾರೆ. ಹತ್ತಕ್ಕೆ ತಾಲೀಮು. ತಂತಿವಾದ್ಯದವರಿಗೆ ಇಬ್ಬರಿಗೊಂದು, ಉಳಿದವರಿಗೆ ಒಂದೊಂದು; ನಲವತ್ತೆರಡು ವಾದಕರು ಬಂದು ಕೂರುವಷ್ಟರಲ್ಲಿ ಅವರವರ ಪುಟ ಅವರವರ ಮುಂದಿರುತ್ತದೆ. ಅದು ಹೇಗೆ ಬಂತೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಪಂಕಜಾಗೆ ಈಗ ಐವತ್ತೇಳು. ತಂದೆ ಶಂಕರಪ್ಪ ಮೈಸೂರಿನಲ್ಲಿ ಬ್ಯಾಂಡಿನ ಕ್ಲಾರಿನೆಟ್ ವಾದಕರು. ಮಗ್ಗಿ ಕಲಿಯುವ ವಯಸ್ಸಿಗೇ ಮಗಳಿಗೆ ಪಾಶ್ಚಾತ್ಯ ಸ್ವರಲಿಪಿ ಓದಿಸಿದರು. ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾದ ಗಂಡ ಮರಿಯಪ್ಪನವರ ಜೊತೆ ದೆಹಲಿಗೆ ಬಂದ ಈಕೆ ಇಪ್ಪತ್ತೆರಡು ವರ್ಷಗಳಿಂದ ಇಲ್ಲಿನ ವಾದ್ಯವೃಂದವೊಂದರ ಸಂಗೀತದ ಹಾಳೆಗಳನ್ನು ಕಾಯುತ್ತಿದ್ದಾರೆ. ಆರುನೂರ ಹನ್ನೆರಡು ಕೃತಿಗಳನ್ನು ಸ್ಕ್ಯಾನ್ ಮಾಡಿ ಟ್ಯಾಬ್ಲೆಟ್ಟಿಗೆ ಏರಿಸಿದ್ದೂ ಅವರೇ. ಏರಿಸಿದ್ದೇ ತಡ, ಜಾಗ ಸಾಲದೆಂದು ಆಡಳಿತದವರು ಕಾಗದವನ್ನೆಲ್ಲ ಗುಜರಿಗೆ ಹಾಕಿ ಕೈತೊಳೆದುಕೊಂಡರು.

"ಬೇಡ ಸರ್, ಇಟ್ಟಿರೋಣ ಅಂದೆ. ಅಚ್ಛಾ, ಅಚ್ಛಾ ಅಂದ್ರು. ಮಾರನೇ ದಿನವೇ ಟೆಂಪೊ ಬಂತು."

ಆ ಹಾಳೆಗಳಲ್ಲಿ ಇದ್ದದ್ದು ಅಚ್ಚಿನ ಸ್ವರಗಳಷ್ಟೇ ಅಲ್ಲ. ಪಿಟೀಲಿನ ಕಮಾನು ಮೇಲಕ್ಕೆಳೆಯಬೇಕೋ ಕೆಳಕ್ಕೋ, ಕೊಳಲಿನವರು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ತಲೆಯೆತ್ತಿ ನಿರ್ದೇಶಕರನ್ನು ನೋಡಬೇಕು, ಎಲ್ಲಕ್ಕೂ ಪೆನ್ಸಿಲಿನ ಗುರುತುಗಳಿದ್ದವು. ತಲೆಯೆತ್ತುವ ಕಡೆ ಪುಟ್ಟ ಕನ್ನಡಕದ ಚಿತ್ರ. ಮೂವತ್ತು ವರ್ಷದ ತಾಲೀಮೆಲ್ಲ ಆ ಗೀಟುಗಳಲ್ಲಿತ್ತು. ಸ್ಕ್ಯಾನ್ ಮಾಡಿದಾಗ ಅವೂ ಟ್ಯಾಬ್ಲೆಟ್ಟಿಗೆ ಬಂದಿದ್ದವು.

ಕಳೆದ ಅಕ್ಟೋಬರಿನಲ್ಲಿ ಎಂಬತ್ತೇಳು ಕೃತಿಗಳ ಹೊಸ, ಶುಭ್ರ ಪ್ರತಿಗಳು ಬಂದವು. ಹಳೆಯದನ್ನು ಉಳಿಸಿಕೊಳ್ಳಬೇಕೇ, ಅಳಿಸಬೇಕೇ ಎಂದು ಪರದೆ ಕೇಳಿತು. "ಎರಡು ಬಟನ್ ಇದ್ವಂತೆ. ನನಗೆ ಕಂಡದ್ದು ಒಂದೇ," ಎನ್ನುತ್ತಾರೆ ಪಂಕಜಾ. ಅದನ್ನೇ ಒತ್ತಿದರು. ಒಂದಕ್ಕೊಂದು ಬೆಸೆದುಕೊಂಡಿದ್ದ ಇಪ್ಪತ್ತಾರು ಟ್ಯಾಬ್ಲೆಟ್‌ಗಳಲ್ಲೂ ಗುರುತುಗಳು ಅಳಿಸಿಹೋದವು. ಬೇರೆಡೆ ಒಂದು ಪ್ರತಿ ಇಟ್ಟಿರಬೇಕೆಂದು ಆಡಳಿತದವರಿಗೆ ಹೊಳೆದೇ ಇರಲಿಲ್ಲ.

ಗ್ಲಾಕೋಮಾದಿಂದ ಅವರ ಎಡಗಣ್ಣು ಅಷ್ಟರಲ್ಲೇ ಹೋಗಿತ್ತು. ಬಲಗಣ್ಣು ಅಂಚಿನಿಂದ ಕತ್ತಲಾಗುತ್ತಿತ್ತು. ಬಳೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತಿತ್ತು. ಕೆಲಸ ಹೋದೀತೆಂದು ಎರಡು ವರ್ಷ ಬಾಯಿ ಬಿಟ್ಟಿರಲಿಲ್ಲ. ಅಂದು ತಾವೇ ಮ್ಯಾನೇಜರ್ ಬಳಿ ಹೋಗಿ ಹೇಳಿಕೊಂಡರು. ಮಾರ್ಚ್ ಕೊನೆಗೆ ಕೆಲಸದಿಂದ ಬಿಡುಗಡೆ ಎಂಬ ಪತ್ರ ಬಂತು. ಗುರುತುಗಳ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ, ಹೊಸ ಪ್ರತಿ ನೀಟಾಗಿದೆಯಲ್ಲ ಎಂಬ ಧೋರಣೆ.

ಮಾರ್ಚ್ ಬರುವ ಮೊದಲು ಎಂಬತ್ತೇಳಕ್ಕೂ ಗುರುತು ಮರಳಿಸಬೇಕು. ಪಂಕಜಾ ಹಿಡಿದಿರುವುದು ಅದೊಂದೇ ಹಟ. ಹಳೆಯ ವಾದಕರನ್ನು ಒಬ್ಬೊಬ್ಬರನ್ನಾಗಿ ತಾಲೀಮಿಗೆ ಮುಂಚೆ ಕರೆಯುತ್ತಾರೆ. ಅವರು ನುಡಿಸುತ್ತಾರೆ, ಇವರು ಗುರುತು ಹಾಕುತ್ತಾರೆ. ಮೂವತ್ತೊಂದು ಮುಗಿದಿವೆ. ಚೆಲ್ಲೋ ನುಡಿಸುತ್ತಿದ್ದ ಹರಬನ್ಸ್ ಸಿಂಗ್ ತೀರಿಕೊಂಡು ಎರಡು ವರ್ಷವಾಯಿತು. "ಅವರದ್ದು ಹೋಯ್ತು. ಇನ್ಯಾರನ್ನ ಕೇಳಲಿ? ಅದು ನನ್ನ ತಪ್ಪೇ," ಎನ್ನುತ್ತಾರೆ.

ಇಂದಿನ ಸರದಿ ಪ್ರೇರಣಾಳದು. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ, ಶನಿವಾರ ಪಿಟೀಲು. "ಆಂಟಿ, ಮುಝೇ ಯಾದ್ ನಹೀಂ, ನೆನಪೇ ಇಲ್ಲ. ಆದ್ರೆ ಕೈಗೆ ಗೊತ್ತಿದೆ," ಎನ್ನುತ್ತಾ ನುಡಿಸಲು ತೊಡಗುತ್ತಾಳೆ. ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಪಂಕಜಾ ತಡೆಯುತ್ತಾರೆ. ಹೋದ ತಿಂಗಳು ಕಾಣುತ್ತಿದ್ದ ಕಮಾನಿನ ತುದಿ ಇವತ್ತು ಕಾಣುತ್ತಿಲ್ಲ.

ಆಮೇಲೆ ಪಂಕಜಾ ಕುರ್ಚಿ ಹತ್ತಿರ ಎಳೆದುಕೊಂಡು, ಎಡಗೈಯನ್ನು ಹುಡುಗಿಯ ಮೊಣಕೈ ಮೇಲಿಡುತ್ತಾರೆ. ಬಲಗೈಯಲ್ಲಿ ಟ್ಯಾಬ್ಲೆಟ್ಟಿನ ಪೆನ್ನು.

"ಈಗ ನುಡಿಸಮ್ಮ, ನಿಧಾನಕ್ಕೆ. ಮೇಲಕ್ಕೋ ಕೆಳಕ್ಕೋ ನನ್ನ ಕೈಗೆ ಗೊತ್ತಾಗುತ್ತೆ. ಕಣ್ಣು ಉಳೀಲಿ ಅಂತ ನಾನು ಯಾರನ್ನೂ ಕೇಳ್ತಿಲ್ಲ. ನಿಮ್ಮ ಮುಂದೆ ಖಾಲಿ ಪುಟ ಇಟ್ಟು ಹೋಗಬಾರದು, ಅಷ್ಟೇ."