ಕಡಲ ಮೈಲಿ ಮತ್ತು ಹೊಸ ಅಕ್ಕಿಯ ಮೊದಲ ತುತ್ತು

ಒಂದು ಮೈಲಿ ಎಂದರೆ ಒಂದು ಪಾಯಿಂಟ್ ಆರು ಕಿಲೋಮೀಟರ್. ಹತ್ತನೇ ತರಗತಿಯ ಗಣಿತದಲ್ಲಿ ಒಳ್ಳೆಯ ಮಾರ್ಕು ತೆಗೆದವಳು ನಾನು. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಕಲಿತದ್ದು ಮಲಯಾಳದಲ್ಲಿ, ಲೆಕ್ಕ ಹಾಕುವುದು ಮಾತ್ರ ಇವತ್ತಿಗೂ ಮನೆಯ ಕನ್ನಡದಲ್ಲಿ. ಈ ಜಂಬವೇ ಆ ವರ್ಷ ಮಲಯಾಳ ಸೀಮೆಯ ಚೇಕಾಡಿಯ ನಮ್ಮ ಮನೆಯಲ್ಲಿ ನನ್ನ ಮಾನ ಕಳೆಯಿತು.

ನಮ್ಮವರು ಸರಕು ಹಡಗೊಂದರ ಅಡುಗೆಮನೆಯಲ್ಲಿ ಸಹಾಯಕರು. ಗದ್ದೆಗೂ ಕಾಡಿಗೂ ನಡುವೆ ಬೆಳೆದ ಮನುಷ್ಯ ಈರುಳ್ಳಿ ಹೆಚ್ಚಲು ಕಡಲಿಗೆ ಹೋದದ್ದು ಏಕೆಂದು ಕೇಳಿದರೆ ಅವರಿಗೇ ಉತ್ತರ ಗೊತ್ತಿಲ್ಲ. ಮನೆಯಲ್ಲಿ ಒಂದು ಲೋಟ ತೊಳೆಯದವರು ಅಲ್ಲಿ ಇಪ್ಪತ್ತು ಜನರ ಪಾತ್ರೆ ತಿಕ್ಕುತ್ತಾರೆ ಎಂದು ನೆನೆದಾಗಲೆಲ್ಲ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಅತ್ತೆ ಕಡಲು ಕಂಡವರಲ್ಲ. ಒಮ್ಮೆ ಫೋನಿನಲ್ಲಿ ಮಗ, ಕಡಲಿನ ಆಳವನ್ನು ಎರಡೂ ಕೈ ಚಾಚಿದಷ್ಟು ಉದ್ದದ ಲೆಕ್ಕದಲ್ಲಿ ಹೇಳುತ್ತಾರೆ, ಅದಕ್ಕೆ ಫ್ಯಾದಮ್ ಅನ್ನುತ್ತಾರೆ ಎಂದಾಗ ನಕ್ಕುಬಿಟ್ಟರು.

"ಅದು ನಮ್ಮ ಮಾರು ಅಲ್ವಾ? ದನದ ಹಗ್ಗ ನಾನು ಮತ್ತೆ ಎಂತದ್ರಲ್ಲಿ ಅಳೆಯೋದು?"

ಅಂದಿನಿಂದ ಅವರಿಗೆ ಕಡಲಿನ ಮೇಲೆ ಸ್ವಲ್ಪ ಗೌರವ ಬಂತು. ಆದರೆ ಮೈಲಿ, ಕಿಲೋಮೀಟರ್ ಯಾವುದೂ ಅವರಿಗೆ ಬೇಡ, ಊರಿನ ಹೆಸರೇ ಬೇಕು. ಹಾಗಾಗಿ ಮಗ ಕಳಿಸಿದ ಮೈಲಿಯನ್ನು ನಾನು ಕಿಲೋಮೀಟರ್ ಮಾಡಿ, ಅದನ್ನು ರಸ್ತೆಯ ಮೇಲೆ ಹಾಸಿ, "ಈಗ ಕಾಶಿಗಿಂತಲೂ ಆಚೆ" ಎಂದೋ "ಈಗ ಮೈಸೂರು ದಾಟಿ ಸ್ವಲ್ಪ ದೂರ" ಎಂದೋ ಹೇಳಬೇಕಿತ್ತು.

ಆ ಸಲ ದೂರ ಕೇಳಿದ್ದು ಬರೀ ಸಮಾಧಾನಕ್ಕಲ್ಲ. ಕೊಯ್ಲಾದ ಮೇಲೆ ನಮ್ಮಲ್ಲಿ ಪುತ್ತರಿ ಊಟ. ಹೊಸ ಅಕ್ಕಿಯ ಮೊದಲ ತುತ್ತು ಮನೆಯ ಯಜಮಾನನಿಗೆ. ಮಾವ ತೀರಿಕೊಂಡ ಮೇಲೆ ಅದು ನಮ್ಮವರ ಪಾಲು. ಅವರು ಹಡಗಿನಲ್ಲಿದ್ದ ಎರಡು ವರ್ಷವೂ ಅದನ್ನು ಮಾವನ ತಮ್ಮನ ಮಗ ತಿಂದಿದ್ದ. ಉಳುವಾಗ ಇಲ್ಲ, ನಾಟಿಗೆ ಇಲ್ಲ, ಆನೆ ಬೇಲಿ ಮುರಿದಾಗ ಇಲ್ಲ. ಎಲೆ ಹಾಕುವ ಹೊತ್ತಿಗೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಮುಂಡು ಉಟ್ಟು ಹಾಜರು. ತಿಂದದ್ದಲ್ಲದೆ, ಅಕ್ಕಿಗೆ ಪರಿಮಳ ಸಾಲದು ಎಂದೂ ಹೇಳಿ ಹೋಗಿದ್ದ.

"ಈ ಕೊಲ್ಲ ನನ್ನ ಮಗನೇ ತಿನ್ಬೇಕು, ಮೋಳೆ. ಮೂರನೇ ವರ್ಷವೂ ಆ ಮುಂಡಿನವನ ಬಾಯಿಗೆ ಹಾಕಕೆ ನನ್ನ ಕೈಲಾಗಲ್ಲ."

ಮಲಯಾಳದವರು ವರ್ಷಕ್ಕೆ ಕೊಲ್ಲ, ಮಗಳಿಗೆ ಮೋಳೆ ಎನ್ನುತ್ತಾರೆ. ಅತ್ತೆ ನನ್ನನ್ನು ಮೋಳೆ ಎಂದು ಕರೆದರೆ ಮಾತ್ರ ದೊಡ್ಡ ಕೆಲಸವೊಂದು ಕಾದಿದೆ ಎಂದೇ ಅರ್ಥ.

ಶನಿವಾರ ಮಧ್ಯಾಹ್ನ ಸಂದೇಶ ಬಂತು. ಕೊಚ್ಚಿಗೆ ಇನ್ನು ಸಾವಿರದ ಆರುನೂರು ಮೈಲಿ. ಹಡಗಿನ ವೇಗ ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್. ಕ್ಯಾಲೆಂಡರಿನ ಹಿಂದೆ ಗುಣಿಸಿದೆ, ಭಾಗಿಸಿದೆ. ಗುರುವಾರ ಬೆಳಿಗ್ಗೆ ಕೊಚ್ಚಿ, ರಾತ್ರಿ ಮನೆ. ಅತ್ತೆ ಒಂದು ಕ್ಷಣವೂ ತಡಮಾಡದೆ ಶುಕ್ರವಾರ ಮಧ್ಯಾಹ್ನಕ್ಕೆ ಮುಹೂರ್ತ ಇಡಿಸಿ, ನೂಲ್ಪುಳದ ನೆಂಟರವರೆಗೆ ಎಲ್ಲರಿಗೂ ಹೇಳಿ ಕಳಿಸಿದರು.

ಬುಧವಾರ ಮಧ್ಯಾಹ್ನ ಎರಡನೇ ಸಂದೇಶ: ಇನ್ನು ನಾನೂರ ಅರವತ್ತು ಮೈಲಿ. ನನ್ನ ಲೆಕ್ಕದಲ್ಲಿ ಇನ್ನೂರ ಎಂಬತ್ತು ಉಳಿಯಬೇಕಿತ್ತು. ಹಡಗಿನ ವೈಫೈಯಲ್ಲಿ ಫೋನ್ ಸಿಕ್ಕ ಕೂಡಲೇ ತರಾಟೆಗೆ ತೆಗೆದುಕೊಂಡೆ.

"ಎಲ್ಲಿ ಸುತ್ತಾಡ್ತಾ ಇದ್ರಿ? ಹಡಗು ಹಿಂದಕ್ಕೆ ಹೋಯ್ತಾ?"

"ಹಡಗು ಶರಿಯಾಗೇ ಬರ್ತಾ ಉಂಟು. ನೀನು ಯಾವ ಮೈಲಿ ಹಿಡಿದೆ?"

"ಮೈಲಿ ಅಂದ್ರೆ ಮೈಲಿ."

"ಅಲ್ವೇ ಮಾರಾಯ್ತಿ. ಕಡಲ ಮೈಲಿ ದೊಡ್ಡದು. ಒಂದು ಪಾಯಿಂಟ್ ಎಂಟು ಐದು ಎರಡು."

ನೆಲದ ಮೈಲಿಗಿಂತ ಕಾಲು ಕಿಲೋಮೀಟರ್ ಜಾಸ್ತಿ! ನೀರಿನಲ್ಲಿಟ್ಟ ಕಡಲೆಯ ಹಾಗೆ ಮೈಲಿಯೂ ಊದಿಕೊಳ್ಳುತ್ತದೆಂದು ನನಗೇನು ಕನಸು ಬಿದ್ದಿತ್ತೇ? ಒಂದೇ ಹೆಸರಿನಲ್ಲಿ ಎರಡು ಅಳತೆ ಇಟ್ಟವನ ತಲೆಯ ಮೇಲೆ ಒನಕೆ ಹಾಕಬೇಕು ಅನ್ನಿಸಿತು. ಮತ್ತೆ ಗುಣಿಸಿದೆ. ಹಡಗು ಕೊಚ್ಚಿ ತಲುಪುವುದು ಶುಕ್ರವಾರ ಬೆಳಗಿನ ಜಾವ. ಮುಹೂರ್ತಕ್ಕೆ ಅವರು ಮನೆ ತಲುಪುವ ಮಾತೇ ಇಲ್ಲ.

ಅತ್ತೆ ಗದ್ದೆಯ ಬದುವಿನಲ್ಲಿ ಹಸು ಕಟ್ಟುತ್ತಿದ್ದರು. ಹೋಗಿ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಹಗುರಾಗುತ್ತಿದ್ದೆ.

"ಕರೆದ ನೆಂಟ್ರಿಗೆ ಬರ್ಬೇಡಿ ಅನ್ನಕಾಗತ್ತಾ?" ಎಂದಷ್ಟೇ ಹೇಳಿ ಹಗ್ಗ ಬಿಗಿದರು. ಆ ರಾತ್ರಿ ನಾನು ಅತ್ತೆ ಊಟಕ್ಕೆ ಕರೆದರೂ ಹೋಗಲಿಲ್ಲ, ನಾಚಿಕೆಯಾಗಿತ್ತು.

ಶುಕ್ರವಾರ ಜಗಲಿ ತುಂಬ ನೆಂಟರು. ಬಿಳಿ ಮುಂಡು ಎಲ್ಲರಿಗಿಂತ ಮೊದಲೇ ಬಂದು ಯಜಮಾನನ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ನಮ್ಮಲ್ಲಿ ಸೊಸೆ ಬಡಿಸುವವಳು, ಎಲ್ಲರೂ ಎದ್ದ ಮೇಲೆ ತಳ ಕೆರೆದು ತಿನ್ನುವವಳು. ಅಷ್ಟರಲ್ಲಿ ಫೋನ್ ಬಂತು. ಸ್ಪೀಕರಿಗೆ ಹಾಕಿದೆ.

"ಅಮ್ಮಾ, ಹಡಗು ಹೊರಗೆ ಲಂಗರು ಹಾಕಿ ನಿಂತಿದೆ. ಒಳಗೆ ಬಿಡ್ಬೇಕಾದ್ರೆ ಸರದಿ ಬರ್ಬೇಕು. ದಡಕ್ಕೆ ಹನ್ನೆರಡು ಮೈಲಿ."

ಅತ್ತೆ ನನ್ನತ್ತ ತಿರುಗಿದರು. "ಎಷ್ಟಾಯ್ತು?"

"ಇಪ್ಪತ್ತೆರಡು ಕಿಲೋಮೀಟರ್ ಇನ್ನೂರ ಇಪ್ಪತ್ತನಾಲ್ಕು ಮೀಟರ್," ಎಂದೆ. ಈ ಸಲ ಒಂದು ಗೇಣೂ ತಪ್ಪಿರಲಿಲ್ಲ. "ಪುಲ್ಪಳ್ಳಿಯಿಂದ ಬತ್ತೇರಿಗೆ ಹೋದಷ್ಟು. ಆಮೇಲೆ ಕೊಚ್ಚಿಯಿಂದ ಇಲ್ಲಿಗೆ ಬರೋದು ಬೇರೆ."

"ಸಮಯ ಆಯ್ತು, ದೊಡ್ಡಮ್ಮಾ," ಎಂದು ಬಿಳಿ ಮುಂಡು ಎಲೆಗೆ ನೀರು ಚಿಮುಕಿಸಿಕೊಂಡಿತು.

ಅತ್ತೆ ಆವಿಯಾಡುವ ಅನ್ನದ ಬಟ್ಟಲು ಹಿಡಿದು ಎದ್ದರು. ಅವನ ಎಲೆ ದಾಟಿದರು. ನೆಂಟರನ್ನೆಲ್ಲ ದಾಟಿ ನನ್ನ ಮುಂದೆ ಬಂದು ನಿಂತರು.

"ಅವನು ಹನ್ನೆರಡು ಮೈಲಿ ದೂರ. ನಾಟಿ ಮಾಡಿದವಳು, ಆನೆ ಓಡ್ಸಿದವಳು, ಅವನ ದಾರಿ ಎಣ್ಸಿದವಳು ನಂಗೆ ಒಂದು ಮಾರು ದೂರದಲ್ಲೂ ಇಲ್ಲ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ಬಾಯಿ ತೆಗಿ, ಮೋಳೆ."

ಈ ಸಲ ಕೆಲಸವೇನೂ ಇರಲಿಲ್ಲ. ಸಾರಿನ ಪಾತ್ರೆ ಕೈಯಲ್ಲೇ ಇತ್ತು, ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ. ಬಾಯಿ ತೆರೆದೆ.

"ಅಮ್ಮಾ, ನನ್ನ ತುತ್ತು ಯಾರು ತಿಂದ್ರು?" ಎಂದು ಫೋನಿನಲ್ಲಿ ನಮ್ಮವರು ಮತ್ತೆ ಮತ್ತೆ ಕೇಳುತ್ತಿದ್ದರು. ನನ್ನ ಬಾಯಿ ತುಂಬ ಅನ್ನವಿತ್ತು.